ಗುರಮ್ಮಕ್ಕನ ಬಂದೂಕಿನ ಬಲಗುದುರೆ

ಅತನೂರಿನಲ್ಲಿ ಹೊತ್ತು ಮುಳುಗಿದ್ದು ತಿಳಿಯಲು ಆಕಾಶ ನೋಡಬೇಕಾಗಿಲ್ಲ. ಊರ ಹೊರಗಿನ ಶೇಂಗಾ ಹೊಲದಿಂದ ಒಂದು ಢಂ, ಸ್ವಲ್ಪ ತಡೆದು ಇನ್ನೊಂದು ಢಂ ಕೇಳಿದರೆ ಮುಗಿಯಿತು. ಹುಡುಗರು ಆಟ ಬಿಟ್ಟು ಮನೆಗೆ ಓಡುತ್ತಾರೆ, ಕಟ್ಟೆಯ ಮೇಲೆ ಕೂತ ಗಂಡಸರು ಧೋತರ ಝಾಡಿಸಿಕೊಂಡು ಏಳುತ್ತಾರೆ, ನಾನು ಗಿರಣಿಯ ಬೆಲ್ಟು ಇಳಿಸುತ್ತೇನೆ. ಆ ಎರಡೂ ಢಂ ನಮ್ಮ ಗುರಮ್ಮಕ್ಕನವು.

ನಾನು ಕಲ್ಲಿನಾಥ. ಬಿ.ಎ. ಓದಿ ಹಿಟ್ಟಿನ ಗಿರಣಿ ಹಾಕಿದವನು. ಓದಿದ್ದು ಏನು ಉಪಯೋಗಕ್ಕೆ ಬಂತು ಎಂದು ಕೇಳುವವರಿಗೆ ನಮ್ಮೂರಲ್ಲಿ ಕಡಿಮೆಯಿಲ್ಲ. ಇಗೋ, ಈ ಕಥೆ ಬರೆಯಲು ಬರುತ್ತಿದೆ. ಗುರಮ್ಮಕ್ಕ ನನಗೆ ಒಡಹುಟ್ಟಿದವಳಲ್ಲ, ಅವಳ ಹೊಲದ ಬದುವಿಗೆ ಹತ್ತಿಕೊಂಡು ನನ್ನ ಹೊಲವಿದೆ ಅಷ್ಟೆ. ಆ ಬಂದೂಕು ಅವಳ ಶೇಂಗಾ ಎಷ್ಟು ಉಳಿಸಿದೆಯೋ ನನ್ನದನ್ನೂ ಅಷ್ಟೇ ಉಳಿಸಿದೆ. ಹಾಗಾಗಿ ಈ ಕಥೆಯಲ್ಲಿ ನಾನು ಯಾರ ಪಕ್ಷವನ್ನೂ ವಹಿಸಿಲ್ಲ ಎಂದು ಯಾರೂ ತಿಳಿಯಬೇಡಿ.

ಅರವತ್ತು ದಾಟಿದ ಗಿಡ್ಡ ಹೆಂಗಸು. ತಲೆಯ ತುಂಬ ಸೆರಗು, ಹೆಗಲ ಮೇಲೆ ಜೋಡುನಳಿಗೆಯ ಬಂದೂಕು. ನೋಡಿದವರು ಹೆದರಬೇಕು, ಆದರೆ ಮಾತಾಡಿಸಿದರೆ ನಗು ಬರುತ್ತದೆ, ಯಾಕೆಂದರೆ ಅಷ್ಟು ಮರ್ಯಾದೆಯ ಹೆಂಗಸು ಈ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ. ಯಾರ ಮನೆಯಲ್ಲಿ ಎಂಥ ಚಹಾ ಕೊಟ್ಟರೂ "ಭಾಳ ಚಲೊ ಆಗ್ಯಾದ" ಅನ್ನುತ್ತಾಳೆ. ನನ್ನ ಗಿರಣಿಯ ಕಲ್ಲು ಸವೆದು ಜೋಳದ ಹಿಟ್ಟು ತರಿತರಿ ಬಂದಾಗಲೂ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ "ಚಲೊ ಬಿದ್ದದ ತಮ್ಮಾ" ಎಂದು ಹೇಳಿ, ಮನೆಗೆ ಹೋಗಿ ಸದ್ದಿಲ್ಲದೆ ಜರಡಿ ಹಿಡಿದಿದ್ದಳಂತೆ. ಇದು ನನಗೆ ಗೊತ್ತಾದದ್ದು ಅವಳ ಸೊಸೆ ವಿಜಯಶ್ರೀಯಿಂದ. ಅವಳ ಈ ಗುಣವೇ ಕೊನೆಗೆ ಅವಳ ಕುತ್ತಿಗೆಗೆ ಬಂತು.

ಬಂದೂಕು ಅವಳ ಮಾವ ಗುರುಪಾದಪ್ಪನ ಕಾಲದ್ದು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ್ದು. ಮಾವನಿಂದ ಅವಳ ಗಂಡ ಮಾಳಿಂಗನಿಗೆ ಬಂತು. ಮಾಳಿಂಗಣ್ಣ ತೀರಿಕೊಂಡ ಮೇಲೆ ಗುರಮ್ಮಕ್ಕ ಕಲಬುರಗಿಗೆ ಅಡ್ಡಾಡಿ ಅಡ್ಡಾಡಿ ತನ್ನ ಹೆಸರಿಗೆ ಮಾಡಿಸಿಕೊಂಡಳು. ಕಬ್ಬಿನೊಳಗೆ ಹಗಲೆಲ್ಲ ಮಲಗಿದ ಕಾಡುಹಂದಿಗಳು ಸಂಜೆಯಾದರೆ ಶೇಂಗಾ ಬಗೆಯಲು ಹೊರಡುತ್ತವೆ. ಅವಳು ಅವನ್ನು ಕೊಲ್ಲುವುದಿಲ್ಲ. ನಳಿಗೆಯನ್ನು ಮುಗಿಲಿಗೆ ಮಾಡಿ ಹೊಡೆಯುತ್ತಾಳೆ, ಸದ್ದಿಗೇ ಅವು ದಿಕ್ಕಾಪಾಲಾಗುತ್ತವೆ. ಹೆದರಿಸಲು ಒಂದು ಸಾಲದೇ, ಎರಡೇಕೆ ಎಂದು ನಾನೊಮ್ಮೆ ಕೇಳಿದ್ದೆ.

"ಒಂದು ಹಂದಿಗಿ. ಇನ್ನೊಂದು, ನಂಬಲಾರದ ಹಂದಿಗಿ" ಎಂದಿದ್ದಳು. ನಾನು ಬಹಳ ವರ್ಷ ಅದನ್ನೇ ನಂಬಿದ್ದೆ.

ಹಳೆಯ ನಮೂನೆಯ ಬಂದೂಕು. ಮೇಲೆ ಎಡಕ್ಕೊಂದು ಬಲಕ್ಕೊಂದು ಕುದುರೆ. ಅಂದರೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸುವ ಉಕ್ಕಿನ ಕೊಕ್ಕೆ. ಎಳೆದು ನಿಲ್ಲಿಸಿ ಟ್ರಿಗರ್ ಒತ್ತಿದರೆ ಕುದುರೆ ಮುಂದಕ್ಕೆ ಬಿದ್ದು ತೋಟಾ ಸಿಡಿಯುತ್ತದೆ. ಅದನ್ನು ಬೀಳಿಸುವ ಕಸುವು ಒಳಗಿರುವ ಸ್ಪ್ರಿಂಗಿನದು. ಬೆರಳುದ್ದದ, ಚಿಮಟಿಗೆಯ ಹಾಗೆ ಮಡಚಿದ ಉಕ್ಕಿನ ಪಟ್ಟಿ ಅದು. ಬಂದೂಕು ರಿಪೇರಿ ಮಾಡುವ ಉಸ್ತಾದರು ಅದಕ್ಕೆ ಕಮಾನಿ ಅನ್ನುತ್ತಾರೆ, ಕುದುರೆಗೆ ಘೋಡಾ.

ಗುರಮ್ಮಕ್ಕನ ಮನೆಯಲ್ಲಿ ಬಂದೂಕೆಂದರೆ ದೇವರ ಲೆಕ್ಕ. ಮಹಾನವಮಿಯ ಖಂಡೆ ಪೂಜೆಯ ದಿನ ಕರಿ ಕಂಬಳಿ ಹಾಸಿ, ತೊಳೆದ ಕುಡುಗೋಲು ಕೊಡಲಿಗಳ ನಡುವೆ ಅದನ್ನು ಮಲಗಿಸುತ್ತಾರೆ. ಅರಿಸಿನದ ಭಂಡಾರ ಎರಚುತ್ತಾರೆ. ಮೇಲೆ ಕುಸುಬಿ ಎಣ್ಣೆ. ಒಳಗಿರುವ ದೇವರಿಗೂ ಮುಟ್ಟಲಿ ಎಂದು ಕುದುರೆಗಳ ಬುಡಕ್ಕೆ ಧಾರಾಳವಾಗಿ ಸುರಿಯುತ್ತಾರೆ. ಎಣ್ಣೆ ಹಾಕುವ ಮೊದಲು ಆ ಮನೆತನದ್ದೇ ಒಂದು ಪದ್ಧತಿ ಇದೆ. ಬಂದೂಕು ಯಾರ ಹೆಸರಿಗಿದೆಯೋ ಅವರು ಖಾಲಿ ನಳಿಗೆಗಳನ್ನು ಎಲ್ಲರಿಗೂ ತೋರಿಸಿ, ಎರಡೂ ಕುದುರೆಗಳನ್ನು ತಮ್ಮ ಹೆಬ್ಬೆರಳಿನಿಂದಲೇ ಎಳೆದು ನಿಲ್ಲಿಸಬೇಕು. ಆಯುಧದಲ್ಲೂ ಆಳಿನಲ್ಲೂ ಜೀವ ಇದೆಯೆಂದು ದೇವರಿಗೆ ತೋರಿಸುವುದು. ಗುರುಪಾದಪ್ಪನ ಬೆರಳಿನಿಂದ ಕುದುರೆ ಜಾರಿದ ವರ್ಷವೇ ಅವನು ಬಂದೂಕನ್ನು ಮಗನ ಹೆಸರಿಗೆ ಬರೆಸಿದ್ದ.

ಹೋದ ಚಳಿಗಾಲದಲ್ಲಿ ಬಲಗುದುರೆ ಹಟ ಹಿಡಿಯಿತು. ಟ್ರಿಗರ್ ಒತ್ತಿದರೆ ಊಟ ಮಾಡಿ ಎದ್ದವನ ಹಾಗೆ ನಿಧಾನಕ್ಕೆ ಮುಂದೆ ಹೋಗಿ ಕುಳಿತುಬಿಡುವುದು. ಢಂ ಇಲ್ಲ, ಬರೀ ಟಕ್. ಗುರಮ್ಮಕ್ಕನ ಮೈದುನ ಖಂಡಪ್ಪ, ಅಂದರೆ ಮಾಳಿಂಗಣ್ಣನ ತಮ್ಮ, ಗೋಡೆಗೆ ಗೋಡೆ ಹತ್ತಿದ ಮನೆಯವನು, ನೋಡಿ ತೀರ್ಪು ಕೊಟ್ಟ. "ಸ್ಪ್ರಿಂಗ್ ಸವದದ ವೈನಿ. ಹೊಸಾದು ಹಾಕಸ್ರಿ." ಅತ್ತಿಗೆ ಮೈದುನ ಇಬ್ಬರೂ ಅಫಜಲಪುರಕ್ಕೆ ಹೋಗಿ ಶರಫುದ್ದೀನ ಉಸ್ತಾದರ ಕೈಯಲ್ಲಿ ಬಂದೂಕು ಕೊಟ್ಟು ಬಂದರು. ಸ್ವಲ್ಪ ದಿನಕ್ಕೆ ಹೊಸ ಕಮಾನಿ ಕೂತು ಬಂದೂಕು ವಾಪಸು ಬಂತು. ಹಳೆಯ ಕಮಾನಿಯನ್ನು ಉಸ್ತಾದರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಆಯುಧದ ತುಂಡನ್ನು ಎಸೆಯಬಾರದೆಂದು ಗುರಮ್ಮಕ್ಕ ಅದಕ್ಕೆ ಕೆಂಪು ದಾರ ಸುತ್ತಿ ಬಂದೂಕಿನ ಚೀಲದ ಜೇಬಿನಲ್ಲೇ ಇಟ್ಟಳು.

ಮುಂಗಾರಿ ಶೇಂಗಾ ಕಾಯಿ ಕಟ್ಟಿದಾಗ ಹಂದಿಗಳು ಬಂದವು, ಗುರಮ್ಮಕ್ಕನೂ ಹೊಲಕ್ಕೆ ಹೊರಟಳು. ಮೊದಲ ಸಂಜೆ ನಾನು ಬೆಲ್ಟಿಗೆ ಕೈ ಹಾಕಿ ನಿಂತಿದ್ದೆ. ಒಂದು ಢಂ. ಕಾದೆ. ಇಲ್ಲ. ಮರುದಿನವೂ ಒಂದೇ. ತೋಟಾ ಉಳಿಸುತ್ತಿದ್ದಾಳೆ ಎಂದುಕೊಂಡೆ. ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ಹುಡುಗರಂತೂ ಇನ್ನೊಂದು ಆಗಿಲ್ಲ ಎಂಬ ನೆಪ ಹಿಡಿದು ಕತ್ತಲಾಗುವ ತನಕ ಬೀದಿ ಬಿಡಲಿಲ್ಲ.

ಎಲ್ಲರಿಗಿಂತ ಮೊದಲು ನಿಜ ತಿಳಿದವನು ಖಂಡಪ್ಪ. ಅವನಿಗೆ ಮೀಸೆಯೊಂದು ಇದೆ, ಅದನ್ನು ಸಾಕುವುದೇ ಅರ್ಧ ದಿನದ ಕೆಲಸ. ಮೀಸೆಗೆ ಸರಿಯಾಗಿ ಹೆಗಲ ಮೇಲೊಂದು ಬಂದೂಕು ಬೇಕೆಂಬ ಆಸೆ ಅವನಿಗೆ ಹುಡುಗನಾಗಿದ್ದಾಗಿನಿಂದ ಇದೆ. ಒಂದು ದಿನ ನನ್ನ ಗಿರಣಿಗೆ ಬಂದು, ಬಕ್ಕಲ್ ಮಿಂಚುವ ಹೊಸ ಚರ್ಮದ ಪಟ್ಟಾ ಒಂದನ್ನು ಹೆಗಲಿಗೆ ಹಾಕಿಕೊಂಡು ತೋರಿಸಿದ.

"ಹ್ಯಾಂಗದ ಲೇ ಕಲ್ಲಿನಾಥ?"

"ಪಟ್ಟಾ ಅದ. ಬಂದೂಕೆಲ್ಲಿ?"

"ಖಂಡೆ ಪೂಜಿ ಆಗ್ಲಿ. ವೈನಿ ಕೈಲೆ ಬಲಗುದುರಿ ಏಳಂಗಿಲ್ಲ. ನಾ ನೋಡೇನಿ, ಎರಡೂ ಕೈಲೆ ಜಗ್ಗಾಕತ್ತಿದ್ಲು. ಆಕಿ ಮಗ ದುಡಿಯಾಕ ಊರು ಬಿಟ್ಟಾನ, ಪದ್ಧತಿ ಪ್ರಕಾರ ನನ್ನ ಹೆಸರಿಗಿ ಮಾಡಸ್ಬೇಕು. ಆಕಿನೂ ಹೂಂ ಅಂದಾಳ."

ಅವನು ಕೆಟ್ಟವನಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಹೊತ್ತು ಇಳಿಯುವಾಗ ಕಟ್ಟೆಗೆ ಬೆನ್ನು ಹಚ್ಚಿದರೆ ಊಟಕ್ಕೆ ಕರೆಯುವ ತನಕ ಏಳದ ಆಳು. ಅವನ ಕೈಗೆ ಬಂದೂಕು ಹೋದರೆ ಹಂದಿಗಳು ನನ್ನ ಹೊಲದಲ್ಲೇ ಮಕ್ಕಳ ಮದುವೆ ಮಾಡಿಕೊಳ್ಳುತ್ತವೆ. ನನಗೆ ಸಿಟ್ಟು ನೆತ್ತಿಗೇರಿತು. ಅವನು ಹೋದ ಕೂಡಲೇ ಗಿರಣಿ ಬಂದ್ ಮಾಡಿ ಗುರಮ್ಮಕ್ಕನ ಮನೆಗೆ ಹೋದೆ.

ಅವಳು ಪಡಸಾಲೆಯಲ್ಲಿ ಕೂತು ಬಲಗೈ ಹೆಬ್ಬೆರಳನ್ನು ಬಿಸಿ ಉಪ್ಪುನೀರಿನಲ್ಲಿ ಅದ್ದಿಕೊಂಡಿದ್ದಳು. ಬೆರಳು ಊದಿ ನೀಲಿಗಟ್ಟಿತ್ತು. ಹೊಸ ಕಮಾನಿ ಅಷ್ಟು ಗಡಸು. ಹಿಂಡಿ ಹಿಂಡಿ ಬೆರಳು ಪಳಗಲಿ ಎಂದು ಎಮ್ಮೆಯನ್ನೂ ತಾನೇ ಹಿಂಡುತ್ತಿದ್ದಳಂತೆ. ರೊಟ್ಟಿ ಬಡಿದು ಬಡಿದು ಅವಳ ಅಂಗೈ ಕಲ್ಲಾಗಿದೆ, ಆದರೆ ರೊಟ್ಟಿಗೂ ಹೆಬ್ಬೆರಳಿಗೂ ಏನು ಸಂಬಂಧ?

"ಉಸ್ತಾದರಿಗಿ ಹೇಳೂದಲ್ಲೇನು ಅಕ್ಕಾ, ಭಾಳ ಬಿರುಸಾಗ್ಯಾದ, ಸಡ್ಲ ಮಾಡ್ರಿ ಅಂತ?"

ನಾನು ಯಾವುದೋ ಕೊಲೆಯ ಮಾತಾಡಿದೆನೋ ಎಂಬಂತೆ ಅವಳು ನನ್ನನ್ನು ನೋಡಿದಳು. "ಹ್ಯಾಂಗ ಹೇಳ್ಲಿ ತಮ್ಮಾ? ಅಂಥ ವಯಸ್ಸಾದವ್ರು ಕಣ್ಣಿಗಿ ಚಷ್ಮಾ ಹಾಕ್ಕೊಂಡು ಕೂತು ಮಾಡ್ಯಾರ. ಮಾವನ ಕಾಲದಿಂದ ನಮ್ಮ ಬಂದೂಕು ನೋಡ್ಕೋತ ಬಂದಾರ. ಅವ್ರ ಕೆಲಸದಾಗ ನಾ ತಪ್ಪು ತಗೀಲಾ?"

"ಹಂಗಾರ ಖಂಡಪ್ಪನ ಹೆಸರಿಗಿ ಹೋಗ್ಲಿ ಬಿಡು."

ಅವಳು ನೀರಿನಿಂದ ಬೆರಳು ತೆಗೆದು ಸೆರಗಿನಿಂದ ಒರೆಸಿಕೊಂಡಳು. ಕಣ್ಣಲ್ಲಿ ನೀರಿತ್ತು, ಅದನ್ನೂ ಅದೇ ಸೆರಗಿನಿಂದ ಒರೆಸಿಕೊಂಡಳು. ನನಗೆ ನನ್ನ ಬಾಯಿಯ ಮೇಲೇ ಕೋಪ ಬಂತು. "ನಾಳಿ ಮುಂಜಾನಿ ಮೊದಲ್ನೇ ಬಸ್ಸಿಗಿ ತಯಾರಾಗು. ನೀ ಹೇಳದಿದ್ರ ನಾ ಹೇಳ್ತೇನಿ" ಎಂದು ಎದ್ದು ಬಂದೆ.

ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿ ಖಾಕಿ ಚೀಲದೊಳಗಿನ ಉದ್ದನೆಯ ವಸ್ತುವನ್ನು ನೋಡಿ ನಿಂತಳು. "ಆಯಿ, ನಿಂದು ಫ್ರೀ ಅದ. ಇದು ಯಾರ್ದು?"

"ನನ್ನ ಹೆಸರಿಗೇ ಅದವಾ. ಲೈಸನ್ಸ್ ತೋರಸ್ಲೇನು?"

"ನಿನ್ನ ಹೆಸರಿಗಿದ್ರ ಅದೂ ಫ್ರೀ ಬಿಡು" ಎಂದು ಹೇಳಿ ನನ್ನ ಕಡೆ ತಿರುಗಿ ಟಿಕೀಟಿಗೆ ಕೈ ಚಾಚಿದಳು. ಬಂದೂಕಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ನಾನು ಅಫಜಲಪುರದ ತನಕ ನಿಂತುಕೊಂಡು ಹೋದೆ.

ಶರಫುದ್ದೀನ ಉಸ್ತಾದರ ಅಂಗಡಿ ಬಜಾರಿನ ಹಿಂದಿನ ಗಲ್ಲಿಯಲ್ಲಿದೆ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮನೆ. ಒಂದು ಕಾಲದಲ್ಲಿ ಆಳಂದ, ಜೇವರ್ಗಿ, ನೆಲೋಗಿಯಿಂದೆಲ್ಲ ಲೈಸೆನ್ಸಿನ ಬಂದೂಕುಗಳು ಅಲ್ಲಿಗೇ ಬರುತ್ತಿದ್ದವು. ಈಗ ಬಂದೂಕು ಅಪರೂಪ. ತಿಜೋರಿಯ ಬೀಗ, ಹೊಲಿಗೆ ಯಂತ್ರ, ಕೊನೆಗೆ ಕುಕ್ಕರಿನ ಸೀಟಿಯೂ ಬರುತ್ತದೆ. ಸೀಟಿ ಬಂದಾಗ ಉಸ್ತಾದರ ಮುಖ ನೋಡಬೇಕು. ಅದಕ್ಕೇ ಗುರಮ್ಮಕ್ಕ ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡು ಅವರು ಕೈಯಲ್ಲಿದ್ದ ಕುಕ್ಕರಿನ ಮುಚ್ಚಳವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತರು.

"ಬರ್ರಿ ಬರ್ರಿ ಬೆಹನ್. ಕಮಾನಿ ಹ್ಯಾಂಗದ?"

"ಭಾಳ ಚಲೊ ಆಗ್ಯಾದ್ರಿ ಉಸ್ತಾದ್ರ" ಎಂದಳು ಗುರಮ್ಮಕ್ಕ.

ನಾನು ಹಲ್ಲು ಕಚ್ಚಿದೆ.

"ಮತ್ತ, ಬಂದೂಕು ಯಾಕ ತಂದ್ರಿ?"

"ಸುಮ್ನ್ರಿ. ಈ ಕಡೆ ಬಂದಿದ್ದೆ, ಮಾತಾಡ್ಸಿ ಹೋಗೂನು ಅಂತ."

ಮಾತಾಡಿಸಿ ಹೋಗಲು ಯಾರಾದರೂ ಜೋಡುನಳಿಗೆಯ ಬಂದೂಕು ಹೊತ್ತುಕೊಂಡು ಬರುತ್ತಾರೆಯೇ? ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪರದೆ ಸರಿಯಿತು. ಉಸ್ತಾದರ ಹೆಂಡತಿ ಕರೀಮುನ್ನಿಸಾ ಹೊರಗೆ ಬಂದು ಗುರಮ್ಮಕ್ಕನ ತೋಳು ಹಿಡಿದು, "ಒಳಗ ಬಾ, ಚಾ ಇಟ್ಟೇನಿ" ಎಂದು ಎಳೆದುಕೊಂಡು ಹೋದರು. ಉಸ್ತಾದರು ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಗಂಡಸರಿಗೆ ಅದಕ್ಕಿಂತ ಹೆಚ್ಚು ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ.

ಪರದೆ ತೆಳ್ಳಗಿತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು. ಮೊದಲು ಬಸಿ ಕಪ್ಪಿಗೆ ತಾಗಿದ ಸದ್ದು. ಆಮೇಲೆ ಕರೀಮುನ್ನಿಸಾ ಅವರ ದನಿ.

"ಎಡಗೈಲೆ ಯಾಕ ಹಿಡಿದಿ? ಆ ಕೈ ತೋರ್ಸು ಬೇ ಗುರಮ್ಮ. ಯಾ ಅಲ್ಲಾ, ಇದು ಬೆರಳೋ ಬದನಿಕಾಯಿಯೋ?"

"ಏನಿಲ್ರಿ ಅಕ್ಕಾರ. ಬಾಗಲದಾಗ ಸಿಕ್ಕಿತ್ತು."

"ನಕ್ಕೊ, ಸುಳ್ಳು ಹೇಳಬ್ಯಾಡ. ಬಂದೂಕಿನೋನ ಹೆಂಡ್ತಿ ಇದ್ದೇನಿ. ಘೋಡಾ ಎಳದು ಆದ ಗಾಯ ನನಗ ಗೊತ್ತಾಗಂಗಿಲ್ಲ?"

ಗುರಮ್ಮಕ್ಕ ಬಾಯಿಬಿಟ್ಟಳು. ಕಮಾನಿ ಬಿರುಸಾದದ್ದು, ಖಂಡೆ ಪೂಜೆ, ಖಂಡಪ್ಪನ ಪಟ್ಟಾ, ಎಲ್ಲ. ಕರೀಮುನ್ನಿಸಾ ಕೇಳಿದರು, "ಕೊಟ್ಟುಬಿಡು, ಈ ವಯಸ್ಸಿನಾಗ ನಿನಗ್ಯಾಕ ಬಂದೂಕು? ಹಂದಿ ಓಡ್ಸೂದು ಆತನೂ ಮಾಡ್ತಾನ."

"ಹಂದಿ ಓಡಿಸ್ಯಾನ್ರಿ. ಹಂದಿಗಿ ಒಂದಽ ಸಾಕು. ಎರಡನೇದು ಹಂದಿಗಲ್ಲ." ಅವಳ ದನಿ ಸಣ್ಣದಾಯಿತು. "ನಮ್ಮವ್ರು ಇದ್ದಾಗ ಎರಡನೇದು ನನ್ನ ಸಲುವಾಗಿ ಹೊಡಿತಿದ್ರು. ಕೆಲಸ ಮುಗೀತು, ಮನಿಗಿ ಬರಾಕತ್ತೇನಿ, ಒಲಿ ಮ್ಯಾಲ ರೊಟ್ಟಿ ಹಂಚು ಇಡು ಅಂತ. ಅವ್ರು ಬಂದು ಕಾಲು ತೊಳ್ಕೊಂಡು ಕೂಡೂದ್ರಾಗ ನಾ ಬಿಸಿ ರೊಟ್ಟಿ ತಾಟಿಗಿ ಹಾಕ್ತಿದ್ನಿ. ಈಗ ನಾ ಹೊಡಿತೇನಿ, ಸೊಸಿ ಹಂಚು ಇಡ್ತಾಳ. ಅದೊಂದು ನಡದದ. ಎರಡನೇದು ಯಾಕ ಹೊಡಿಬೇಕು ಅನ್ನೂದು ಖಂಡಪ್ಪಗ ಏನು ಗೊತ್ತು?"

ನಾನು ಕುಕ್ಕರಿನ ಮುಚ್ಚಳವನ್ನು ನೋಡುತ್ತ ಕುಳಿತೆ. ಇಷ್ಟು ವರ್ಷ ಆ ಎರಡನೆಯ ಢಂಗೆ ಗಿರಣಿಯ ಬೆಲ್ಟು ಇಳಿಸಿದ ನಾನು ಬೇರೆಯವರ ಮನೆಯ ರೊಟ್ಟಿಯ ಕರೆಯನ್ನು ಕದ್ದು ಕೇಳುತ್ತಿದ್ದೆನಲ್ಲ ಎನಿಸಿತು.

ಪರದೆ ಮತ್ತೆ ಸರಿಯಿತು. ಕರೀಮುನ್ನಿಸಾ ಗುರಮ್ಮಕ್ಕನ ಕೈಯನ್ನು ಗಂಡನ ಮುಖದ ಮುಂದೆ ಹಿಡಿದರು. "ಅಜೀ, ನೋಡ್ರಿ ನಿಮ್ಮ ಕಾರಾಗಿರಿ. ಹೆಣ್ಮಗಳ ಕೈಗಿ ಎಂಥ ಕಮಾನಿ ಹಾಕೀರಿ?"

ಉಸ್ತಾದರು ಚಷ್ಮಾ ತೆಗೆದರು, ಮತ್ತೆ ಹಾಕಿದರು. ಗುರಮ್ಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅವ್ರದೇನೂ ತಪ್ಪಿಲ್ರಿ, ಕಮಾನಿ ಚಲೊನೇ ಅದ" ಅನ್ನುತ್ತಲೇ ಇದ್ದಳು.

"ಹಂಗ ಬಿರುಸು ಹಾಕಬೇಕಂತ ನನಗೇನು ಆಸಿ ಇತ್ತಾ?" ಉಸ್ತಾದರು ಕೊನೆಗೆ ಹೇಳಿದರು. "ನಿಮ್ಮ ಹಳಿ ಕಮಾನಿ ಸವದೇ ಇರ್ಲಿಲ್ಲ ಬೆಹನ್. ಒಳಗ ಎಣ್ಣಿ ಕಟ್ಟಿ ಗೋಂದಿನಂಗ ಆಗಿತ್ತು, ಮ್ಯಾಲೆ ಹಳದಿ ಭಂಡಾರ. ಘೋಡಾ ಅದ್ರಾಗ ಸಿಕ್ಕೊಂಡಿತ್ತು. ಆ ಎಣ್ಣಿ ಒಳಗಿದ್ರ ಎಂಥ ಚಲೊ ಕಮಾನಿನೂ ಸೋಲ್ತದ. ಅದಕ್ಕ ಬಿರುಸಂದು ಮಾಡಿ ಹಾಕಿದೆ, ಎಣ್ಣಿ ಹರ್ಕೊಂಡು ಬೀಳ್ಲಿ ಅಂತ."

"ಎಣ್ಣಿ ತಗದು ಒಗೀಬೇಕಿತ್ತಲ್ರಿ ಉಸ್ತಾದ್ರ" ಎಂದೆ ನಾನು. ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಅವರು ನನ್ನನ್ನು ನೋಡಿದ ರೀತಿ ಥೇಟು ಗುರಮ್ಮಕ್ಕನದೇ. "ಹ್ಯಾಂಗ ತಗೀಲಿ? ಅವ್ರ ದೇವರಿಗಿ ಎರದ ಎಣ್ಣಿ ಅದು. ಗುರುಪಾದಪ್ಪನ ಕಾಲದಿಂದ ಪೂಜಿ ಆದದ್ದು. ನಾ ಚಿಮಣಿ ಎಣ್ಣಿ ಹಾಕಿ ತಿಕ್ಕಿ ಚರಂಡಿಗಿ ಚೆಲ್ಲಲಾ? ಕೇಳಬೇಕಂದ್ರ, ಏನ್ ತಿಳ್ಕೋತಾರೋ ಅಂತ ನಾಚಿಗಿ ಬಂತು."

ಅವರು ಇವಳ ದೇವರಿಗೆ ಮರ್ಯಾದೆ ಕೊಟ್ಟು ಎಣ್ಣೆ ಬಿಟ್ಟರು, ಇವಳು ಅವರ ಕೆಲಸಕ್ಕೆ ಮರ್ಯಾದೆ ಕೊಟ್ಟು ಬೆರಳು ಊದಿಸಿಕೊಂಡಳು. ಇಬ್ಬರ ಮರ್ಯಾದೆಯ ನಡುವೆ ಬಂದೂಕು ಖಂಡಪ್ಪನ ಪಾಲಾಗುವುದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕರೀಮುನ್ನಿಸಾ ಬಾಗಿಲಿಗೆ ಒರಗಿ ನಗತೊಡಗಿದರು. ಕೊನೆಗೆ ಗುರಮ್ಮಕ್ಕನೂ ಸೆರಗು ಸರಿಸಿ ನಕ್ಕಳು.

"ಅಯ್ಯ ಉಸ್ತಾದ್ರ, ಪೂಜಿ ಮುಗದ ಮ್ಯಾಲ ದೇವ್ರು ದೇವರಮನಿ ಜಗಲಿಗಿ ಹೋಗ್ತಾನ್ರಿ. ಒಳಗ ಉಳಿಯೂದು ಬರೇ ಕುಸುಬಿ ಎಣ್ಣಿ. ಕೊಡ್ರಿ, ನಾನಽ ತಿಕ್ಕತೇನಿ."

ಹಾಗೇ ಆಯಿತು. ಉಸ್ತಾದರು ಬಂದೂಕಿನ ಎರಡೂ ಪಕ್ಕದ ತಗಡು ಬಿಚ್ಚಿ, ಬಿರುಸು ಕಮಾನಿಯನ್ನು ಸಣ್ಣ ಇಕ್ಕಳದಿಂದ ಒತ್ತಿ ಹೊರತೆಗೆದರು. ಒಳಗೆ ಕುಸುಬಿ ಎಣ್ಣೆ ಬೆಲ್ಲದ ಪಾಕದ ಬಣ್ಣಕ್ಕೆ ಬಂದು ಗಟ್ಟಿಯಾಗಿ ಕೂತಿತ್ತು. ಕುಸುಬಿ ಎಣ್ಣೆ ಒಣಗಿದರೆ ಪಾತ್ರೆಯ ಅಂಚಿನಲ್ಲಿ ಹೇಗೆ ಜಿಗುಟಾಗಿ ಅಂಟುತ್ತದೆ ಎಂದು ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತು, ಆದರೆ ಬಂದೂಕಿನೊಳಗೆ ಇಣುಕಿ ನೋಡಿದವರು ಯಾರು? ಗುರಮ್ಮಕ್ಕ ಅಂಗಡಿಯ ನೆಲದ ಮೇಲೆ ಕೂತು, ಎಡಗೈಯಲ್ಲಿ ಚಿಂದಿ ಹಿಡಿದು, ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ಒಂದೊಂದು ತುಂಡನ್ನೂ ಹಬ್ಬದ ಪಾತ್ರೆ ಬೆಳಗಿದ ಹಾಗೆ ಬೆಳಗಿದಳು. ಕೊಳೆಯಾದ ಎಣ್ಣೆಯನ್ನು ಕರೀಮುನ್ನಿಸಾ ಚರಂಡಿಗೆ ಬಿಡಲಿಲ್ಲ. ಹಿತ್ತಲಿನಲ್ಲಿ ಯಾರೂ ತುಳಿಯದ ಮೂಲೆಯೊಂದರಲ್ಲಿ ಮಣ್ಣು ತೋಡಿ ಹಾಕಿದರು. ಅವರಿಗೆ ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ.

"ಇನ್ನ ಮೆತ್ತಗಂದು ಕಮಾನಿ ಮಾಡ್ಬೇಕು. ಹಬ್ಬಕ್ಕ ಆಗೂದು ಕಷ್ಟ" ಎಂದರು ಉಸ್ತಾದರು, ಗಡ್ಡ ಕೆರೆದುಕೊಳ್ಳುತ್ತ. "ಹಳೀದು ಇದ್ದಿದ್ರ ಈಗಽ ಕೂಡಸ್ತಿದ್ದೆ. ಅದನ್ನ ಎಲ್ಲಿ ಒಗದಿರೋ ಏನೋ."

ಗುರಮ್ಮಕ್ಕ ಏಳಲೂ ಇಲ್ಲ. ಕೂತಲ್ಲಿಂದಲೇ ಖಾಕಿ ಚೀಲವನ್ನು ಎಳೆದುಕೊಂಡು, ಜೇಬಿನಿಂದ ಕೆಂಪು ದಾರ ಸುತ್ತಿದ ಪೊಟ್ಟಣ ತೆಗೆದು ಅವರ ಮುಂದಿಟ್ಟಳು. "ಆಯುಧ ಒಗೀತಾರೇನ್ರಿ ಯಾರರೆ? ಅದ್ರ ಮನಿಯಾಗಽ ಇಟ್ಟೇನಿ."

ಉಸ್ತಾದರು ದಾರ ಬಿಚ್ಚಿ ಕಮಾನಿಯನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳುಗಳ ನಡುವೆ ಒತ್ತಿ ನೋಡಿದರು, ಎಡಗಡೆಯ ಕಮಾನಿಯ ಜೊತೆ ಹೋಲಿಸಿದರು. ಆಮೇಲೆ ಇಕ್ಕಳದಲ್ಲಿ ಮಡಚಿ ಅದರ ಜಾಗಕ್ಕೆ ತಂದು ಮೆಲ್ಲಗೆ ಬಿಟ್ಟರು. ಕಟ್ ಎಂದು ಕೂತಿತು. ತಗಡು ಮುಚ್ಚಿ, ನಳಿಗೆ ಖಾಲಿ ಇರುವುದನ್ನು ಮತ್ತೊಮ್ಮೆ ನೋಡಿ ಬಂದೂಕನ್ನು ಗುರಮ್ಮಕ್ಕನ ಕೈಗೆ ಕೊಟ್ಟರು. ಊದಿದ ಹೆಬ್ಬೆರಳಿನಿಂದಲೇ ಅವಳು ಬಲಗುದುರೆಯನ್ನು ಎಳೆದಳು. ಅದು ಹಿಂದಕ್ಕೆ ಬಂದು ನಿಂತಿತು. ಅವಳು ಅದನ್ನು ಮೆಲ್ಲಗೆ ಇಳಿಸಿ, ಮತ್ತೆ ಎಳೆದು, ಮತ್ತೆ ಇಳಿಸಿದಳು.

"ಹ್ಯಾಂಗದ ಬೆಹನ್? ಖರೇ ಹೇಳ್ರಿ ಈಗ."

"ಚಲೊ ಅದ್ರಿ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಚಾದಾಗ ಮಾತ್ರ ಸಕ್ಕರಿ ಕಡಿಮಿ ಇತ್ತು ನೋಡ್ರಿ ಅಕ್ಕಾರ" ಎಂದಳು. ಅವಳ ಬಾಯಿಂದ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕರೀಮುನ್ನಿಸಾ ಸಕ್ಕರೆ ಹೆಚ್ಚು ಹಾಕಿ ಇನ್ನೊಮ್ಮೆ ಚಹಾ ಮಾಡಿದರು. ಹೊರಡುವಾಗ ಉಸ್ತಾದರು ಮಶೀನಿನ ಎಣ್ಣೆಯ ಸಣ್ಣ ಬಾಟಲಿಯೊಂದನ್ನು ಅವಳ ಕೈಯಲ್ಲಿಟ್ಟು, "ಒಳಗ ಹಾಕಾಕ ಇದು. ನಿಮ್ಮ ಎಣ್ಣಿ ಹೊರಗ ಇರ್ಲಿ" ಎಂದರು.

ಖಂಡೆ ಪೂಜೆಯ ದಿನ ಪಡಸಾಲೆ ತುಂಬಿತ್ತು. ಖಂಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೀಸೆ ತೀಡಿ, ಹೆಗಲಿಗೆ ಬರೀ ಪಟ್ಟಾ ಏರಿಸಿಕೊಂಡು ಎದುರಿನಲ್ಲೇ ಕೂತಿದ್ದ. ಆರತಿ ಆಯಿತು. ಗುರಮ್ಮಕ್ಕ ಬಂದೂಕನ್ನು ಎತ್ತಿ ಖಾಲಿ ನಳಿಗೆಗಳನ್ನು ಎಲ್ಲರಿಗೂ ತೋರಿಸಿದಳು. ಎಡಗುದುರೆ ಎಳೆದಳು, ನಿಂತಿತು. ಖಂಡಪ್ಪ ಮುಂದಕ್ಕೆ ಬಾಗಿದ. ಬಲಗುದುರೆಗೆ ಹೆಬ್ಬೆರಳು ಇಟ್ಟಳು, ಎಳೆದಳು, ಅದೂ ನಿಂತಿತು. ನನಗೆ ಶಿಳ್ಳೆ ಹೊಡೆಯುವ ಮನಸ್ಸಾಯಿತು. ದೇವರ ಮುಂದೆ ಬೇಡವೆಂದು ಸುಮ್ಮನಾದೆ.

ವಿಜಯಶ್ರೀ ರೂಢಿಯಂತೆ ಕುಸುಬಿ ಎಣ್ಣೆಯ ಬಟ್ಟಲು ತಂದಳು. ಗುರಮ್ಮಕ್ಕ ಅದರಲ್ಲಿ ಬೆರಳು ಅದ್ದಿ ಬಂದೂಕಿನ ಕಟ್ಟಿಗೆಯ ಮೇಲೆ ಒಂದು ಬೊಟ್ಟು ಇಟ್ಟಳು, ಅಷ್ಟೇ. ಆಮೇಲೆ ದೇವರ ಜಗಲಿಯ ಮೇಲಿದ್ದ ಮಶೀನಿನ ಎಣ್ಣೆಯ ಬಾಟಲಿ ತೆಗೆದುಕೊಂಡಳು. ಅದರ ಮುಚ್ಚಳಕ್ಕೂ ಭಂಡಾರ ಹಚ್ಚಿತ್ತು. ಕುದುರೆಗಳ ಬುಡಕ್ಕೆ ಎರಡು ಹನಿ ಬಿಟ್ಟಳು.

ಖಂಡಪ್ಪ ಎದ್ದು ನಿಂತ. ಹೆಗಲಿನ ಪಟ್ಟಾವನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ನಾನು ಬೇಕೆಂದೇ ಅವನ ಕಡೆಗೇ ನೋಡುತ್ತಿದ್ದೆ. ಗುರಮ್ಮಕ್ಕನೇ ಕೈ ಚಾಚಿದಳು. "ಪಟ್ಟಾ ಭಾಳ ಚಲೊ ಅದ ಖಂಡಪ್ಪ. ತಾ, ಬಂದೂಕಿಗಿ ಹಾಕೂನು." ಅವನು ಬಿಚ್ಚಿಕೊಟ್ಟ. ತಾನೇ ಕೂತು ಬಕ್ಕಲ್ ಬಿಗಿದ.

ಸಂಜೆ ಅವನ ಕಟ್ಟೆಯ ಮೇಲೆ ನಾವಿಬ್ಬರೂ ಕೂತಿದ್ದೆವು. ಹಬ್ಬವಾದರೂ ಹಂದಿಗಳಿಗೆ ರಜೆಯಿಲ್ಲವೆಂದು ಗುರಮ್ಮಕ್ಕ ಹೊಲಕ್ಕೆ ಹೋಗಿದ್ದಳು. ನಾನು ಪಟ್ಟಾದ ವಿಷಯ ತೆಗೆದು ಅವನನ್ನು ಚೆನ್ನಾಗಿ ಕಾಡುತ್ತಿದ್ದೆ. ಮೊದಲ ಢಂ ಕೇಳಿತು. ಖಂಡಪ್ಪ ನನ್ನ ಮಾತಿಗೆ ಕೈ ಅಡ್ಡ ಹಿಡಿದ. ಇಬ್ಬರೂ ಕಾದೆವು. ಎರಡನೆಯದೂ ಕೇಳಿತು.

ಅವನು ಕೂತಲ್ಲಿಂದಲೇ ಪಕ್ಕದ ಮನೆಯ ಬಾಗಿಲಿಗೆ ಕತ್ತು ತಿರುಗಿಸಿ ಕೂಗಿದ. "ವಿಜಯಶ್ರೀ, ಹಂಚು ಇಡವಾ. ನಿಮ್ಮತ್ತಿ ಬರಾಕತ್ತಾಳ."

ನಾನು ಅವನ ಮುಖ ನೋಡಿದೆ. "ನಿನಗ ಹ್ಯಾಂಗ ಗೊತ್ತು ಲೇ?"

"ಗೊತ್ತಿರಲಾರ್ದ ಏನು? ಅಣ್ಣ ಎರಡನೇದು ಹೊಡದಾಗ ನಾ ಒಲಿ ಮುಂದಽ ಕೂತಿರ್ತಿದ್ದೆ. ಅಂವ ಹೊಲದಿಂದ ಬರೂದ್ರಾಗ ವೈನಿ ಮೊದಲ್ನೇ ರೊಟ್ಟಿ ನನಗ ಹಾಕ್ತಿದ್ಲು. ಈ ಸಲ ಎರಡನೇದು ಕೇಳ್ಲಿಲ್ಲ ನೋಡು, ಉಣ್ಣಾಕ ಕೂತ್ರ ಏನೋ ಬಿಟ್ಟಂಗ ಆಗ್ತಿತ್ತು. ಬಂದೂಕು ನನ್ನ ಕೈಗಿ ಬಂದ್ರ ಎರಡೂ ಹೊಡಿಬೇಕು ಅಂದ್ಕೊಂಡಿದ್ದೆ."

ಗುರಮ್ಮಕ್ಕ ಹೊಸ ಪಟ್ಟಾದಲ್ಲಿ ಬಂದೂಕು ಏರಿಸಿಕೊಂಡು ಓಣಿಯೊಳಗೆ ಬಂದಾಗ ನಾನು ಆ ಮಾತನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ. ಹೊಟ್ಟೆಯೊಳಗೆ ಮಾತು ನಿಲ್ಲುವ ಜಾತಿ ನನ್ನದಲ್ಲ. ಖಂಡಪ್ಪ ಮೀಸೆಯ ಮೇಲೆ ಕೈ ಇಟ್ಟು ನೆಲ ನೋಡುತ್ತಿದ್ದ. ಅವಳು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದಳು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಬಾ ಖಂಡಪ್ಪ, ಕೈ ತೊಳ್ಕೊ" ಎಂದಳು. "ಮೊದಲ್ನೇದು ಇನ್ನೂ ಯಾರೂ ತಿಂದಿಲ್ಲ."

ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ನಾನೂ ಹೋದೆ.